ತೋಟದ ಸುಖ: ಭೋಗವೋ, ಪ್ರಸಾದವೋ?

ಸಂಸಾರದಲ್ಲಿದ್ದುಕೊಂಡೇ ಶರಣಮಾರ್ಗದಲ್ಲಿ ನಡೆಯಬೇಕೆಂಬ ಸದ್ಭಕ್ತರ ಮುಂದೆ ದೊಡ್ಡ ದೊಡ್ಡ ಪ್ರಶ್ನೆಗಳು ಬಂದು ನಿಲ್ಲುವುದುಂಟು. ದಾನವಾವುದು, ದಾಸೋಹವಾವುದು, ಕಾಯಕವಾವುದು, ಬರಿಯ ದುಡಿಮೆಯಾವುದು ಎಂಬಿವನ್ನು ಕುರಿತು ಬಲ್ಲವರು ಬೇಕಾದಷ್ಟು ಹೇಳಿದ್ದಾರೆ. ಆದರೆ ಮನೆಯಂಗಳದಲ್ಲಿಯೇ ದಿನದಿನವೂ ಹುಟ್ಟುವ ಒಂದು ಚಿಕ್ಕ ಪ್ರಶ್ನೆಯುಂಟು. ಸಂಜೆಯ ಹೊತ್ತಿನಲ್ಲಿ ನಾಲ್ಕು ವರುಷದ ಕೂಸು ಮುತ್ಯಾನ ಬೆರಳು ಹಿಡಿದೆಳೆದು, "ತೋಟಕ್ಕ ಹೋಗೋಣು ಬಾ" ಎನ್ನುತ್ತದೆ. ಹಿರಿಯನು ಎದ್ದು ಹೋಗುತ್ತಾನೆ. ಇಬ್ಬರೂ ಬದುವಿನ ಮೇಲೆ ಕುಳಿತು ಇರುವೆಯ ಸಾಲು ನೋಡುತ್ತಾರೆ, ತುಂಬೆಯ ಹೂವಿನ ಬುಡವನ್ನು ಹೀರಿ ಸಿಹಿಯುಂಟೆಂದು ನಗುತ್ತಾರೆ, ಕತ್ತಲಾಗುವ ಮುನ್ನ ಕಾಲು ಕೆಸರಾಗಿ ಮನೆಗೆ ಮರಳುತ್ತಾರೆ. ಈ ಒಂದು ತಾಸಿನ ಸುಖವು ಇಂದ್ರಿಯಭೋಗವೋ, ಅಥವಾ ಪ್ರಸಾದವೋ? ಇದು ಕಾಲಹರಣವೋ, ಕಾಯಕದ ಒಂದು ಭಾಗವೋ? ಪ್ರಶ್ನೆಯು ಚಿಕ್ಕದಾಗಿ ಕಂಡರೂ ಇದಕ್ಕೆ ಗೃಹಸ್ಥನು ಕೊಡುವ ಉತ್ತರದ ಮೇಲೆ ಮುಂದಿನ ತಲೆಮಾರಿನ ಧರ್ಮಬುದ್ಧಿಯು ನಿಂತಿದೆ.

ಮೊದಲು ಈ ಪ್ರಶ್ನೆ ಹುಟ್ಟುವ ನೆಲವನ್ನು ನೋಡಬೇಕು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯು ಮಲೆನಾಡಲ್ಲ. ಇಲ್ಲಿ ವರುಷಕ್ಕೆ ಬೀಳುವ ಮಳೆ ಸರಾಸರಿ ಆರುನೂರು ಮಿಲಿಮೀಟರಿಗೂ ಕಡಿಮೆ. ಎರೆಯ ಹೊಲದಲ್ಲಿ ಹಿಂಗಾರಿಯ ಬಿಳಿಜೋಳವು ನೆಲದೊಳಗಿನ ಹಸಿಯನ್ನೂ ಇಬ್ಬನಿಯನ್ನೂ ನಂಬಿ ಬೆಳೆಯುತ್ತದೆ. ಬಾವಿಯಿದ್ದಲ್ಲಿ ಮಾತ್ರ ತೋಟಪಟ್ಟಿ. ಅಲ್ಲಿ ನಾಲ್ಕು ದಾಳಿಂಬೆ, ಎರಡು ನಿಂಬೆ, ಒಂದು ಮಡಿ ಮೆಂತೆ, ಬೇಲಿಯ ಮೇಲೆ ಹೀರೆಯ ಬಳ್ಳಿ. ಬಾದಾಮಿಯ ಕೆಂಬಂಡೆಗಳ ನಡುವೆ ಅಗಸ್ತ್ಯತೀರ್ಥದ ನೀರು ಕಣ್ಣಿಗೆ ತಂಪಾಗಿ ಕಾಣುವುದಕ್ಕೆ ಸುತ್ತಲಿನ ಬಿಸಿಲೇ ಕಾರಣ. ಇಳಕಲ್ಲಿನ ನೇಕಾರರು ಸೀರೆಯ ಸೆರಗಿನಲ್ಲಿ ತೋಪುತೆನೆಯೆಂದು ಜೋಳದ ತೆನೆಯ ವಿನ್ಯಾಸವನ್ನು ತೆಗೆಯುವರು. ಹೊಲದ ಚೆಲುವನ್ನು ಹೆಣ್ಣುಮಕ್ಕಳು ಭುಜದ ಮೇಲೆ ಹೊತ್ತು ತಿರುಗುವರು. ಇಂಥ ಸೀಮೆಯಲ್ಲಿ ಹಸಿರೆಂಬುದು ಪುಕ್ಕಟೆ ಬಂದುದಲ್ಲ, ಬೆವರಿನಿಂದ ಬಂದುದು. ಆದುದರಿಂದ ಇಲ್ಲಿಯ ತೋಟದ ಸುಖವನ್ನು ಶ್ರೀಮಂತರ ವಿಲಾಸವೆಂದು ತಳ್ಳಿಬಿಡುವಂತಿಲ್ಲ.

ಹಿಂದಿನವರು ಕೂಸನ್ನು ಹೊಲಕ್ಕೆ ಒಯ್ಯುವುದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿರಲಿಲ್ಲ. ಪಂಚಾಂಗವೇ ಕೈಹಿಡಿದು ಒಯ್ಯುತ್ತಿತ್ತು. ಮುಂಗಾರಿನ ಮೊದಲಲ್ಲಿ ಮಣ್ಣೆತ್ತಿನ ಅಮವಾಸ್ಯೆ ಬಂದಿತೆಂದರೆ ಮಕ್ಕಳು ಹಸಿಮಣ್ಣಿನಿಂದ ಜೋಡೆತ್ತು ಮಾಡಿ, ಕೋಡು ಮುರಿದರೆ ಮತ್ತೆ ಹಚ್ಚಿ, ಸಂಜೆಯವರೆಗೆ ಮೊಣಕೈತನಕ ಮಣ್ಣಾಗಿರುತ್ತಿದ್ದರು. ಪಂಚಮಿಯಲ್ಲಿ ಬೇವಿನ ಕೊಂಬೆಗೆ ಜೋಕಾಲಿ. ಎಳ್ಳ ಅಮವಾಸ್ಯೆಗೆ ಚರಗ. ಸಂಕ್ರಾಂತಿಗೆ ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮದಲ್ಲಿ ಮಿಂದು, ದಂಡೆಯ ಮೇಲೆ ಬುತ್ತಿ ಬಿಚ್ಚಿ ಉಣ್ಣುವುದು. ಜೋಳದ ಕಾಳು ಹಾಲ್ದುಂಬಿದಾಗ ಸೀತನಿ. ಕುಳ್ಳಿನ ಕೆಂಡದಲ್ಲಿ ತೆನೆಯನ್ನು ಸುಟ್ಟು ಬಡಿದು, ಬಿಸಿಬಿಸಿಯಾದ ಹಸುರುಗಾಳನ್ನು ಬೆಲ್ಲದೊಡನೆಯೋ ಶೇಂಗಾಹಿಂಡಿಯೊಡನೆಯೋ ಮುಕ್ಕುವುದು. ಇವೆಲ್ಲವೂ ಇಂದಿಗೂ ಹಳ್ಳಿಗಳಲ್ಲಿ ನಡೆದಿವೆ. ಆದರೆ ಪಟ್ಟಣ ಸೇರಿದ ಮನೆಗಳಲ್ಲಿ ಕೆಲವು ಬರಿಯ ಊಟದ ಹೆಸರಾಗಿ ಉಳಿದಿವೆ. ಹೋಳಿಗೆಯು ಮೇಜಿನ ಮೇಲೆ ಬರುತ್ತದೆ, ಹೊಲವು ಬರುವುದಿಲ್ಲ.

ಈಗ ಆಕ್ಷೇಪಗಳನ್ನು ಕೇಳಬೇಕು. ಪೂರ್ವಪಕ್ಷವನ್ನು ಪೂರ್ತಿಯಾಗಿ ಕೇಳದೆ ಸಿದ್ಧಾಂತವನ್ನು ಹೇಳುವುದು ಶಾಸ್ತ್ರಕ್ರಮವಲ್ಲ. ಮೊದಲನೆಯವರು ಹೇಳುವುದೇನೆಂದರೆ: "ಹೂವಿನ ಗಂಧ, ಹಣ್ಣಿನ ರುಚಿ, ಗಾಳಿಯ ತಂಪು ಇವೆಲ್ಲ ವಿಷಯಗಳು. ಇಂದ್ರಿಯಗಳನ್ನು ಬಿಗಿಹಿಡಿಯಬೇಕೆನ್ನುವ ಮಾರ್ಗದಲ್ಲಿ ಕೂಸಿಗೆ ಎಳೆತನದಲ್ಲಿಯೇ ವಿಷಯಗಳ ಸವಿಯನ್ನು ಹಚ್ಚುವುದು ತರವೇ?" ಎರಡನೆಯವರು ಹೇಳುವುದು: "ಕಾಯಕವು ಮುಖ್ಯ. ಅಂಗಡಿಯ ಲೆಕ್ಕ ಉಳಿದಿದೆ, ಮಗ್ಗ ನಿಂತಿದೆ, ಕಚೇರಿಯ ಕಾಗದ ಬಾಕಿಯಿದೆ. ಕೂಸಿನೊಡನೆ ಮಿಡತೆಯನ್ನು ನೋಡುತ್ತ ಕುಳಿತುಕೊಳ್ಳುವುದು ಸೋಮಾರಿತನಕ್ಕೆ ಇಟ್ಟ ಚೆಂದದ ಹೆಸರಲ್ಲವೇ?" ಈ ಎರಡೂ ಮಾತುಗಳಲ್ಲಿ ಹುರುಳಿದೆ, ಹಗುರವಾಗಿ ತಳ್ಳತಕ್ಕವಲ್ಲ.

ಮೊದಲನೆಯ ಆಕ್ಷೇಪಕ್ಕೆ ಷಟ್‌ಸ್ಥಲ ಸಿದ್ಧಾಂತವೇ ಉತ್ತರವನ್ನಿಟ್ಟಿದೆ. ಶರಣರು ಇಂದ್ರಿಯಗಳನ್ನು ಶತ್ರುಗಳೆಂದು ಕೊಲ್ಲಹೊರಟವರಲ್ಲ; ಅವುಗಳನ್ನು ಲಿಂಗಕ್ಕೆ ಮುಖಗಳನ್ನಾಗಿ ಮಾಡಿದವರು. ಘ್ರಾಣದಲ್ಲಿ ಆಚಾರಲಿಂಗ, ಅದಕ್ಕೆ ಗಂಧವು ಅರ್ಪಿತ. ಜಿಹ್ವೆಯಲ್ಲಿ ಗುರುಲಿಂಗ, ಅದಕ್ಕೆ ರುಚಿ. ನೇತ್ರದಲ್ಲಿ ಶಿವಲಿಂಗ, ಅದಕ್ಕೆ ರೂಪ. ತ್ವಕ್ಕಿನಲ್ಲಿ ಜಂಗಮಲಿಂಗ, ಅದಕ್ಕೆ ಸ್ಪರ್ಶ. ಶ್ರೋತ್ರದಲ್ಲಿ ಪ್ರಸಾದಲಿಂಗ, ಅದಕ್ಕೆ ಶಬ್ದ. ಹೃದಯದಲ್ಲಿ ಮಹಾಲಿಂಗ, ಅದಕ್ಕೆ ತೃಪ್ತಿ. ಹಾಗಾದರೆ ವಸ್ತುವು ತನ್ನಷ್ಟಕ್ಕೆ ತಾನು ಬಂಧನವೂ ಅಲ್ಲ, ಮೋಕ್ಷವೂ ಅಲ್ಲ. ಅರ್ಪಿಸದೆ ಕೊಂಡರೆ ಅದು ಪದಾರ್ಥ, ಅರ್ಪಿಸಿ ಕೊಂಡರೆ ಪ್ರಸಾದ. ಈ ತತ್ತ್ವವನ್ನು ಹಿರಿಯರಿಗೆ ಪುಸ್ತಕದಲ್ಲಿ ಓದಿಸಬಹುದು. ಕೂಸಿಗೆ ಓದಿಸುವುದೆಲ್ಲಿ? ಗಂಧ ರುಚಿ ರೂಪ ಸ್ಪರ್ಶ ಶಬ್ದಗಳೈದೂ ಒಂದೇ ಕಡೆಗೆ, ಕೃತಕವಿಲ್ಲದೆ, ಹದವಾಗಿ ದೊರೆಯುವ ಸ್ಥಳವು ತೋಟವೇ. ಮಳೆ ಬಿದ್ದ ಮಣ್ಣಿನ ವಾಸನೆ, ಬಾರೆಹಣ್ಣಿನ ಹುಳಿ, ಬಾವಿಯ ಮೇಲಿನ ಜಾಲಿಯ ಕೊಂಬೆಯಲ್ಲಿ ತೂಗುವ ಗೀಜಗನ ಗೂಡು, ಅಂಗಾಲಿಗೆ ತಾಗುವ ಹಸಿಮಡಿ, ಬೆಳವನ ಹಕ್ಕಿಯ ಕೂಗು. ಮುಂದೆ ಅರ್ಪಿಸಬೇಕಾದುದು ಏನೆಂಬುದೇ ಅರಿಯದ ಕೂಸು ದೊಡ್ಡದಾದ ಮೇಲೆ ಏನನ್ನು ತಾನೆ ಅರ್ಪಿಸೀತು?

ಆದರೆ ಇಲ್ಲಿ ಒಂದು ಮಾತನ್ನು ಮರೆಯಬಾರದು. ಕೂಸು ಮುಗ್ಧವೆಂದ ಮಾತ್ರಕ್ಕೆ ಅದು ಪ್ರಸಾದಿಯಲ್ಲ. ಕೂಸು ಕಂಡುದಕ್ಕೆಲ್ಲ ಕೈಚಾಚುತ್ತದೆ, ಕೈಗೆ ಬಂದುದನ್ನು ಬಾಯಿಗಿಡುತ್ತದೆ, ಚಿಟ್ಟೆಯ ರೆಕ್ಕೆಯನ್ನು ಹಿಡಿದೆಳೆಯುತ್ತದೆ, ಮೊಗ್ಗನ್ನು ಕಿತ್ತು ಬಿಸಾಡುತ್ತದೆ. ಎಳೆಯ ಮನಸ್ಸಿನ ಚೆಲುವನ್ನಷ್ಟೆ ಹೊಗಳುವವರು ಇದನ್ನು ನೋಡುವುದಿಲ್ಲ. ಭೋಗಬುದ್ಧಿಯು ಕೂಸಿನೊಡನೆಯೇ ಹುಟ್ಟಿದೆ. ಪ್ರಸಾದಬುದ್ಧಿಯನ್ನು ಹಿರಿಯರು ಬೆಳೆಸಬೇಕು. ತೋಟವು ಸುಖದ ಸ್ಥಳವಾಗಿರುವಂತೆಯೇ ಈ ಕೃಷಿಯ ಸ್ಥಳವೂ ಆಗಿದೆ. ಅಲ್ಲಿ ಕಲಿಯತಕ್ಕ ಪಾಠಗಳು ಮೂರು.

ಮೊದಲನೆಯದು, ಎಲ್ಲವೂ ತನಗಾಗಿ ಇಲ್ಲವೆಂಬ ಅರಿವು. ಪೂಜೆಗೆ ಹೂ ಎತ್ತುವ ಮನೆಗಳ ಅಂಗಳದಲ್ಲಿ ಕಣಗಿಲೆಯು ಇರುತ್ತದೆ. ಬೇಲಿಯಲ್ಲಿ ಎಕ್ಕವೂ ಉಮ್ಮತ್ತಿಯೂ ಇರುತ್ತವೆ. ಮೂರೂ ಶಿವನಿಗೆ ಏರತಕ್ಕ ಹೂಗಳು, ಮೂರೂ ವಿಷವುಳ್ಳವು. ಕಣಗಿಲೆಯ ಎಲೆಯಾಗಲಿ, ಉಮ್ಮತ್ತಿಯ ಬೀಜವಾಗಲಿ ಹೊಟ್ಟೆಗೆ ಹೋದರೆ ಕೂಸಿನ ಪ್ರಾಣಕ್ಕೇ ಅಪಾಯ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಕೆಡುತ್ತದೆ. ಆದುದರಿಂದ ಕೂಸಿನೊಡನೆ ಹೋದ ಹಿರಿಯನು ಎಚ್ಚರದಿಂದಿರಬೇಕೆಂಬುದು ಲೌಕಿಕದ ಮಾತು. ಇದರೊಳಗೆ ಪಾರಮಾರ್ಥಿಕದ ಮಾತೂ ಇದೆ. "ಮುತ್ಯಾ, ಇದನ್ನ ತಿನ್ನಬೇಕೇನು?" ಎಂದು ಕೂಸು ಕೇಳುತ್ತದೆ. "ತಿನ್ನೂದಲ್ಲ ಯವ್ವಾ, ಇದು ದೇವರಿಗೆ ಏರಿಸೂದು" ಎಂದು ಹಿರಿಯನು ಹೇಳುತ್ತಾನೆ. ಚೆಲುವಾಗಿದ್ದೂ ತನ್ನ ಬಾಯಿಗೆ ಸಲ್ಲದ, ಕೈಗೆ ಬಂದರೂ ತನ್ನದಲ್ಲದ ವಸ್ತುವೊಂದು ಲೋಕದಲ್ಲಿ ಇದೆಯೆಂದು ಕೂಸು ಅಂದು ಮೊದಲಬಾರಿಗೆ ತಿಳಿಯುತ್ತದೆ. ಪರಧನ ಪರವಸ್ತುಗಳ ವಿಷಯದಲ್ಲಿ ಮುಂದೆ ಕಲಿಯಬೇಕಾದ ಶೀಲಕ್ಕೆಲ್ಲ ಇದೇ ಓನಾಮ.

ಎರಡನೆಯದು, ಕೊಳ್ಳುವ ಮೊದಲು ಕೊಡುವುದು. ಎಳ್ಳ ಅಮವಾಸ್ಯೆಯ ದಿನ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಸಜ್ಜೆಯ ರೊಟ್ಟಿ, ಶೇಂಗಾಹೋಳಿಗೆ, ಎಣಗಾಯಿ, ಪುಂಡಿಪಲ್ಯ, ಬಾನ ಇವನ್ನೆಲ್ಲ ಕಲಸಿ ಹೊಲದ ಸುತ್ತಲೂ ಚೆಲ್ಲಿ ಬರುವರು. ಇದು ಸ್ಥಾವರಪೂಜೆಯಲ್ಲವೇ, ಇಷ್ಟಲಿಂಗನಿಷ್ಠರಿಗೆ ಸಲ್ಲುವುದೇ ಎಂದು ಕೇಳುವವರುಂಟು. ಕಲ್ಲನ್ನು ದೇವರೆಂದು ತಿಳಿದು ಅಲ್ಲಿಗೇ ನಿಂತರೆ ಆ ಆಕ್ಷೇಪವು ಸರಿಯೇ. ಆದರೆ ಚರಗದ ತಿರುಳು ಕಲ್ಲಿನಲ್ಲಿಲ್ಲ, ಚೆಲ್ಲುವ ಕೈಯಲ್ಲಿದೆ. ಜೋಳವು ಹೊಡೆತುಂಬಿ ನಿಂತ ಹೊತ್ತಿನಲ್ಲಿ, ಒಂದು ಕಾಳೂ ಮನೆಗೆ ಬರುವ ಮೊದಲು, ಬಸುರಿಯ ಬಯಕೆಯನ್ನು ಸಲಿಸಿದಂತೆ ಭೂಮಿಗೆ ಉಣಿಸಿ, ಹಕ್ಕಿಗೂ ಹುಳುವಿಗೂ ಪಾಲನ್ನಿಟ್ಟು, ಬಳಿಕ ಮನೆಯವರೂ ನೆರೆಯವರೂ ಹಾದಿಯವರೂ ಒಟ್ಟಿಗೆ ಕುಳಿತು ಉಣ್ಣುವ ಈ ಕ್ರಮಕ್ಕೆ ದಾಸೋಹವೆಂದಲ್ಲದೆ ಬೇರೆ ಹೆಸರಿಲ್ಲ. ಮುಷ್ಟಿಯಲ್ಲಿ ಹಿಡಿದ ಹೋಳಿಗೆಯ ತುಣುಕನ್ನು ತಾನೇ ತಿಂದುಬಿಡಬೇಕೆಂಬ ಆಸೆಯನ್ನು ತಡೆದು ಹೊಲಕ್ಕೆ ಚೆಲ್ಲಿದ ಕೂಸಿಗೆ, ಆಮೇಲೆ ತಿಂದ ಹೋಳಿಗೆಯ ರುಚಿಯೇ ಬೇರೆ. ಪದಾರ್ಥವು ಪ್ರಸಾದವಾಗುವುದನ್ನು ಅದು ನಾಲಗೆಯಿಂದಲೇ ಅರಿಯುತ್ತದೆ.

ಮೂರನೆಯದು, ಕಾಯುವುದು. ಇದಕ್ಕೆ ಒಂದು ಮನೆಯ ಚಿತ್ರವನ್ನು ದೃಷ್ಟಾಂತವಾಗಿ ಮನಸ್ಸಿನಲ್ಲಿ ತಂದುಕೊಳ್ಳಬಹುದು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟಿನ ಅಡಿಗಲ್ಲು ಬಿದ್ದುದು 1964ರಲ್ಲಿ. ಮುಂದೆ ಜಲಾಶಯದ ನೀರನ್ನು 519.6 ಮೀಟರಿನ ಮಟ್ಟದವರೆಗೆ ನಿಲ್ಲಿಸಿದಾಗ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿಬಂದು, ಬಾಗಲಕೋಟೆಯ ಹಳೆಯ ಊರಿನ ತಗ್ಗಿನ ಭಾಗಗಳೂ ಸುತ್ತಲಿನ ಎಷ್ಟೋ ಹಳ್ಳಿಗಳೂ, ಅವುಗಳ ಹೊಲ ತೋಟಗಳೂ ಮುಳುಗಿದವು. ಮನೆಗಳು ನವನಗರಕ್ಕೆ ಬಂದವು, ಹೊಲಗಳು ಬರಲಿಲ್ಲ. ಹಾಗೆ ಬಂದ ಮನೆಯೊಂದರಲ್ಲಿ ಹಿರಿಯನೊಬ್ಬನು ಅಂಗಳದ ಮೂಲೆಯಲ್ಲಿ ಚಾಪೆಯಷ್ಟಗಲದ ಮಡಿ ಮಾಡಿ, ಮೊಮ್ಮಗಳ ಕೈಯಿಂದ ಮೆಂತೆ ಬಿತ್ತಿಸುತ್ತಾನೆ. ಮೆಂತೆಯು ನಾಲ್ಕೈದು ದಿನಕ್ಕೆ ಮೊಳೆಯುವುದು. ಆದರೆ ಮರುದಿನ ಬೆಳಗ್ಗೆಯೇ ಕೂಸು ಹೋಗಿ ಮಣ್ಣು ಕೆದಕಿ ಬೀಜವನ್ನು ಹೊರತೆಗೆದು ನೋಡುತ್ತದೆ: ಇನ್ನೂ ಬಂದಿಲ್ಲವೇಕೆ? ಹಿರಿಯನು ಬಯ್ಯುವುದಿಲ್ಲ. ಕೆದಕಿದ ಸಾಲನ್ನು ಹಾಗೆಯೇ ಬಿಟ್ಟು, ಅದರ ಪಕ್ಕದಲ್ಲಿ ಇನ್ನೊಂದು ಸಾಲನ್ನು ಬಿತ್ತಿಸುತ್ತಾನೆ. ಐದನೆಯ ದಿನ ಎರಡನೆಯ ಸಾಲು ಹಸುರಾಗಿ ನಿಲ್ಲುತ್ತದೆ. ಮೊದಲನೆಯದರಲ್ಲಿ ಅಲ್ಲೊಂದು ಇಲ್ಲೊಂದು. ಯಾರೂ ಏನನ್ನೂ ಹೇಳಬೇಕಾಗಿಲ್ಲ. ಭಕ್ತಿಯನ್ನು ಬಿತ್ತಿದ ಮರುದಿನವೇ ಕೆದಕಿ ಫಲವನ್ನು ಹುಡುಕುವ ದೊಡ್ಡವರೂ ಆ ಎರಡು ಸಾಲುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದೊಳಿತು.

ಇಲ್ಲಿಗೆ ಎರಡನೆಯ ಆಕ್ಷೇಪಕ್ಕೂ ಉತ್ತರ ಬಂದಂತಾಯಿತು. ಕೂಸನ್ನು ಬೆಳೆಸುವುದು ಗೃಹಸ್ಥನ ಕಾಯಕಗಳಲ್ಲಿ ಹಿರಿದಾದುದು. ಆ ಕಾಯಕವನ್ನು ಮಾಡುವ ಸ್ಥಳ ಅಂಗಡಿಯಲ್ಲ, ಕಚೇರಿಯಲ್ಲ. ಮಗ್ಗವು ನಿಂತುದಕ್ಕೆ ಲೆಕ್ಕವುಂಟು. ಕೂಸಿನ ಮನಸ್ಸು ಬಂಜರಾದುದಕ್ಕೆ ಲೆಕ್ಕ ಬರೆಯುವವರಾರು? ಹೊಟ್ಟೆಪಾಡಿನ ಕೆಲಸವನ್ನು ಬಿಟ್ಟು ಕುಳಿತುಕೊಳ್ಳಬೇಕೆಂದು ಇದರ ಅರ್ಥವಲ್ಲ. ವಾರದಲ್ಲಿ ಎರಡು ಸಂಜೆಯಾದರೂ, ಹಬ್ಬದಲ್ಲಿ ಒಂದು ಹಗಲಾದರೂ ಎಂದಷ್ಟೇ ಇದರ ಅರ್ಥ.

ಇನ್ನೊಂದು ಕಾರಣವುಂಟು; ವಚನಗಳನ್ನು ಪ್ರೀತಿಸುವವರಿಗೆ ಇದು ಎಲ್ಲಕ್ಕಿಂತ ಹತ್ತಿರದ್ದು. ಶರಣರ ನುಡಿಯು ಹೊಲ ತೋಟಗಳಲ್ಲಿ ಬೆಳೆದ ನುಡಿ. ಅವರಲ್ಲಿ ಹೂವಿನ ಕಾಯಕದ ಹೂಗಾರ ಮಾದಯ್ಯನಿದ್ದನು, ಬೇಸಾಯದ ಒಕ್ಕಲಿಗ ಮುದ್ದಣ್ಣನಿದ್ದನು. ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಹೋದಾಗ ಮಾತನಾಡಿಸಿದುದು ಗಿಳಿ ಕೋಗಿಲೆ ದುಂಬಿ ನವಿಲುಗಳನ್ನು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ತೋಟದ ಕೆಲಸದಲ್ಲಿ ಮುಳುಗಿದ್ದ ಗೊಗ್ಗಯ್ಯನನ್ನು ಕಂಡು, ಅಗೆತ ಬಿತ್ತನೆ ನೀರುಗಳ ಮಾತಿನಿಂದಲೇ ಅವನಿಗೆ ಒಳಗಿನ ಕೃಷಿಯನ್ನು ಬೋಧಿಸುವನು. ಹಂಪೆಯ ಹರಿಹರನು ದೇವರ ಪೂಜೆಗೆ ಹೂ ಎತ್ತುವುದನ್ನೇ ವಿಷಯವಾಗಿಟ್ಟುಕೊಂಡು ಪುಷ್ಪರಗಳೆಯನ್ನು ರಚಿಸಿದನು. ಷಟ್‌ಸ್ಥಲ ಜ್ಞಾನಸಾರಾಮೃತದ ಕರ್ತೃವಾದ ಸಿದ್ಧಲಿಂಗ ಯತಿಗಳು ಕಗ್ಗೆರೆಯ ತೋಟವೊಂದರಲ್ಲಿ ಶಿವಯೋಗದಲ್ಲಿ ಕುಳಿತುದರಿಂದಲೇ ತೋಂಟದ ಸಿದ್ಧಲಿಂಗರೆನಿಸಿದರು. ತೋಟದ ಹೆಸರು ಒಂದು ಗುರುಪರಂಪರೆಯ ಹೆಸರೇ ಆಯಿತು.

ಪ್ರಭುವು ಗೊಗ್ಗಯ್ಯನಿಗೆ ಹೇಳಿದುದನ್ನು ಹಿಡಿದುಕೊಂಡು, ಒಳಗಿನ ತೋಟವೇ ನಿಜ, ಹೊರಗಿನದು ಬೇಡವೆಂದು ಹೇಳುವವರಿದ್ದಾರೆ. ಅವರು ಒಂದು ಮಾತನ್ನು ಗಮನಿಸಬೇಕು. ಗೊಗ್ಗಯ್ಯನಿಗೆ ಆ ಮಾತು ತಟ್ಟಿದುದು ಅವನ ಕೈಯಲ್ಲಿ ಗುದ್ದಲಿಯಿದ್ದುದರಿಂದ. ಗುದ್ದಲಿಯ ಭಾರವನ್ನೇ ಕಾಣದ ಹುಡುಗನಿಗೆ, ಕಳೆ ಕಿತ್ತು ಅಂಗೈ ಉರಿಯದ ಹುಡುಗಿಗೆ, ಆ ಉಪಮಾನವು ಬರಿಯ ಶಬ್ದ. ಪಾಠಶಾಲೆಗಳಲ್ಲಿ ಮಕ್ಕಳು ನೂರು ವಚನಗಳನ್ನು ತಪ್ಪಿಲ್ಲದೆ ಒಪ್ಪಿಸುವರು; ಕೇಳಿದವರು ತಲೆದೂಗುವರು. ಆದರೆ ಬೀಜ ಮೊಳೆತುದನ್ನು ನೋಡದ ಕಣ್ಣಿಗೆ, ದುಂಬಿಯ ಹಾಡನ್ನು ಕೇಳದ ಕಿವಿಗೆ ಆ ನೂರು ವಚನಗಳು ನೂರು ಬೀಗಗಳಂತೆ. ಕೀಲಿಕೈ ಮಾತ್ರ ಹೊಲದಲ್ಲಿಯೇ ಉಳಿದಿದೆ. ವಚನವು ಉಳಿಯಬೇಕಾದರೆ ಅದನ್ನು ಅಚ್ಚು ಮಾಡಿಸಿದರೆ ಸಾಲದು. ಅದು ಬೇರೂರತಕ್ಕ ನೆಲವನ್ನು ಕೂಸಿನ ಮನಸ್ಸಿನಲ್ಲಿ ಸಿದ್ಧಗೊಳಿಸಬೇಕು.

ಹಾಗೆಂದು ತೋಟವನ್ನೇ ಇನ್ನೊಂದು ಪಾಠಶಾಲೆಯನ್ನಾಗಿ ಮಾಡುವುದೂ ತಪ್ಪು. ಉಪಾಧ್ಯಾಯರಾದವರಿಗೆ ಈ ದೋಷವು ಬೇಗ ಅಂಟುತ್ತದೆ. ಕೂಸು ಇರುವೆಯನ್ನು ನೋಡುತ್ತಿದ್ದರೆ, "ನೋಡು, ಇರುವೆ ಎಷ್ಟು ಶ್ರಮಜೀವಿ" ಎಂದು ನೀತಿಯನ್ನು ತುರುಕುವರು. ಇರುವೆಯೂ ಹೋಯಿತು, ನೀತಿಯೂ ಹೋಯಿತು. ಕೂಸು ಕೇಳಿದುದಕ್ಕಷ್ಟೇ ಉತ್ತರ ಸಾಕು. ಗೊತ್ತಿಲ್ಲದ ಹಕ್ಕಿಗೆ ಗೊತ್ತಿಲ್ಲವೆಂದೇ ಹೇಳಬೇಕು. ನಡೆಯುವ ವೇಗವು ಕೂಸಿನದಾಗಿರಬೇಕು. ನೂರು ಹೆಜ್ಜೆಯ ದಾರಿಗೆ ಅರ್ಧ ತಾಸು ಹಿಡಿದರೆ ಹಿಡಿಯಲಿ. ಕೈಯಲ್ಲಿ ಮೊಬೈಲನ್ನು ಹಿಡಿದು, ಒಂದು ಕಣ್ಣನ್ನು ಅದರಲ್ಲಿಟ್ಟು ಕೂಸಿನೊಡನೆ ನಡೆಯುವವನು ತೋಟದಲ್ಲಿಯೂ ಇಲ್ಲ, ಮನೆಯಲ್ಲಿಯೂ ಇಲ್ಲ. ಚಿತ್ರವನ್ನು ತೆಗೆದಿಟ್ಟುಕೊಳ್ಳುವ ಆತುರವೂ ಸಂಗ್ರಹಬುದ್ಧಿಯ ಒಂದು ರೂಪವೇ ಆಗಿದೆ.

ತೋಟವಿಲ್ಲದವರು ಏನು ಮಾಡಬೇಕೆಂಬುದು ನ್ಯಾಯವಾದ ಪ್ರಶ್ನೆ. ತೋಟವೆಂದರೆ ಒಡೆತನದ ಪತ್ರವಲ್ಲ. ವಿದ್ಯಾಗಿರಿಯಲ್ಲಿ ಶಾಲೆ ಕಾಲೇಜುಗಳ ನಡುವಿನ ಬೀದಿಯ ಬೇವಿನ ನೆರಳೂ ಕೂಸಿಗೆ ತೋಟವೇ. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಅಲ್ಲಿಯ ತೋಟಗಾರಿಕೆ ಮೇಳಕ್ಕೆ ರೈತರು ಬರುವಂತೆ ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಬಾದಾಮಿಯ ಹತ್ತಿರ ಮಹಾಕೂಟದ ಮರಗಳ ನೆರಳಿದೆ, ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರದ ಪ್ರಶಾಂತವಾದ ಆವರಣವಿದೆ. ಏನೂ ಇಲ್ಲದವರಿಗೆ ಒಡೆದ ಕೊಡದಲ್ಲಿ ಹಿಡಿ ಮಣ್ಣು, ಒಂದು ಬೆರಳು ಮೆಂತೆ. ಹೊಲವುಳ್ಳ ಬಂಧುಗಳು ಹಬ್ಬದ ದಿನ ಹೊಲವಿಲ್ಲದವರ ಮಕ್ಕಳನ್ನೂ ತಮ್ಮ ಬಂಡಿಯಲ್ಲಿ ಕೂಡಿಸಿಕೊಂಡು ಹೋದರೆ ಅದು ದಾಸೋಹಗಳಲ್ಲಿ ಉತ್ತಮವಾದುದು.

ಇಷ್ಟೆಲ್ಲ ಕೂಸಿಗಾಗಿ ಎಂದು ಹೇಳಿದಂತಾಯಿತು. ಆದರೆ ಲಾಭದಲ್ಲಿ ಹೆಚ್ಚಿನ ಪಾಲು ಹಿರಿಯನದೇ ಇರಬಹುದು. ನವನಗರದ ಆ ಹಿರಿಯನನ್ನೇ ಮತ್ತೊಮ್ಮೆ ನೆನೆಯಬಹುದು. ಮುಳುಗಿದ ಹೊಲದ ನೆನಪು ಅವನಲ್ಲಿ ಎಷ್ಟೋ ವರುಷ ಕಹಿಯಾಗಿಯೇ ನಿಂತಿತ್ತು. ಹೊಲವಿಲ್ಲದವನಿಗೆ ಎಳ್ಳ ಅಮವಾಸ್ಯೆಯೇತಕ್ಕೆಂದು ಅವನು ಚರಗವನ್ನು ಬಿಟ್ಟಿದ್ದನು. ಮೊಮ್ಮಗಳು ಶಾಲೆಯಲ್ಲಿ ಕೇಳಿ ಬಂದು, ತಾನೂ ಚೆಲ್ಲಬೇಕೆಂದು ಹಟ ಹಿಡಿದಳು. ಅವನು ಬುತ್ತಿ ಕಟ್ಟಿಸಿಕೊಂಡು ಅವಳನ್ನು ಹಿನ್ನೀರಿನ ದಂಡೆಗೆ ಕರೆದೊಯ್ದನು. "ನಮ್ಮ ಹೊಲ ಎಲ್ಲೈತಿ ಮುತ್ಯಾ?" ಅವನು ನೀರಿನತ್ತ ಕೈತೋರಿದನು. ಕೂಸು ಕ್ಷಣಹೊತ್ತು ನೋಡಿ, ಬೇರೆ ಏನನ್ನೂ ಕೇಳದೆ, ರೊಟ್ಟಿಯನ್ನು ಮುರಿದು ನೀರಿಗೆ ಚೆಲ್ಲಿತು. ಮೀನುಗಳು ಬಂದು ಕಚ್ಚಿಕೊಂಡವು. "ಉಂಡ್ವು ನೋಡು" ಎಂದು ಅದು ಚಪ್ಪಾಳೆ ತಟ್ಟಿತು. ಆ ನೆಲದಿಂದ ತನಗೇನೂ ಬರದೆಂದು ತಿಳಿದ ಮೇಲೆಯೂ ಅದಕ್ಕೆ ಉಣಿಸಬಹುದೆಂಬುದು ಹಿರಿಯನಿಗೆ ಅಂದೇ ತೋರಿತು. ಫಲವನ್ನು ಬಯಸದೆ ಕೊಡುವುದೇ ದಾಸೋಹವೆಂದು ಅವನು ನೂರು ಸಲ ಕೇಳಿದ್ದನು. ಕೈಯಿಂದ ಮಾಡಿದುದು ಆಗ. ಬಳಿಕ ಇಬ್ಬರೂ ದಂಡೆಯ ಜಾಲಿಯ ನೆರಳಿನಲ್ಲಿ ಕುಳಿತು ಉಳಿದ ರೊಟ್ಟಿಯನ್ನು ಉಂಡರು. ಅದು ಪ್ರಸಾದವಾಗಿತ್ತು.

ಆದುದರಿಂದ ಸಂಜೆಯ ಹೊತ್ತು ಕೂಸು ಬಂದು ಬೆರಳು ಹಿಡಿದೆಳೆದರೆ, ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟು ಏಳುವುದು ಲೇಸು. ಲೆಕ್ಕವು ನಾಳೆಗೂ ಇರುತ್ತದೆ. ಆ ಬೆರಳನ್ನು ಹಿಡಿಯುವ ವಯಸ್ಸು ಬಹುದಿನ ಇರುವುದಿಲ್ಲ.